ಒಗೆಯದ ಬಟ್ಟೆ

"ಒಗೀಬೇಡ. ಹಾಗೇ ತಾ," ಎಂದರು ಟೀಚರಮ್ಮ.

ಉಪ್ಪಮ್ಮನಿಗೆ ತಾನು ಕೇಳಿಸಿಕೊಂಡದ್ದು ಸರಿಯೋ ತಪ್ಪೋ ತಿಳಿಯಲಿಲ್ಲ. ಆ ಬೀದಿಯಲ್ಲಿ ಇಲ್ಲಿಯವರೆಗೆ ಅವಳಿಗೆ ಹೇಳಿದ್ದೆಲ್ಲ ಇದಕ್ಕೆ ತಿರುವುಮುರುವಾದದ್ದು. ಮೈ ತೊಳೆದುಕೊಂಡು ಬಾ. ಬಟ್ಟೆ ಬದಲಾಯಿಸಿ ಬಾ. ಗಾಳಿಗೆ ಎದುರು ನಿಲ್ಲಬೇಡ, ನಾತ ಒಳಗೆ ಬರುತ್ತೆ.

"ಯಾವ ಬಟ್ಟೆ ಅಮ್ಮಾವ್ರೇ?"

"ನೀನು ಮಂಡಿಗೆ ಸೀರೆ ಮೇಲೆ ಹಾಕ್ಕೊಂಡು ಹೋಗ್ತೀಯಲ್ಲ, ಆ ಅಂಗಿ. ಬೆವರು ಇರಬೇಕು. ಆ ನಾತ ಎಲ್ಲಾ ಇರಬೇಕು."

"ಅಯ್ಯೋ, ಅದು ಯಾಕೆ?"

"ಕೋಳಿಗೆ ಕಣೇ."

ಉಪ್ಪಮ್ಮ ದುಡಿಯುತ್ತಿದ್ದದ್ದು ತೊಗಲಿನ ಮಂಡಿಯಲ್ಲಿ. ಕಸಾಯಿಖಾನೆಯಿಂದ ತೊಗಲು ಬರುವಾಗ ಅದರಲ್ಲಿ ಇನ್ನೂ ಬಿಸಿ ಇರುತ್ತಿತ್ತು. ಒದ್ದೆ ತೊಗಲೆಂದರೆ ಒಬ್ಬ ಆಳಿನ ಭಾರ. ಇಬ್ಬರು ಹೆಂಗಸರು ಎರಡು ಅಂಚು ಹಿಡಿದು ಎತ್ತಬೇಕು, ಮಾಂಸದ ಬದಿ ಮೇಲೆ ಬರುವಂತೆ ಹಾಸಬೇಕು, ಉಪ್ಪು ಎರಚಬೇಕು, ಅಂಗೈಯಿಂದ ತಿಕ್ಕಬೇಕು. ಮತ್ತೆ ಅದರ ಮೇಲೊಂದು ತೊಗಲು, ಮತ್ತೆ ಉಪ್ಪು. ಉಪ್ಪು ತೊಗಲಿನೊಳಗಿನ ನೀರನ್ನು ಎಳೆದು ಹೊರಹಾಕುತ್ತದೆ. ಅದು ಸತ್ತ ದನದ ತೊಗಲೋ ಬದುಕಿರುವ ಹೆಂಗಸಿನ ಅಂಗೈಯೋ ಎಂದು ಉಪ್ಪು ನೋಡುವುದಿಲ್ಲ. ಮಂಡಿಯ ಹೆಂಗಸರ ಕೈ ಒಡೆದಿರುತ್ತಿತ್ತು, ಒಡೆದ ಸೀಳಿನೊಳಗೆ ಮತ್ತೆ ಉಪ್ಪು ಹೋಗುತ್ತಿತ್ತು. ರಾಶಿಯ ಕೆಳಗಿನಿಂದ ಕೆಂಪು ನೀರು ಜಿನುಗಿ ಕಾಲಿನ ಬೆರಳ ಸಂದಿಗೆ ಬರುತ್ತಿತ್ತು. ಕೊಬ್ಬಿನ ನಾತ ಕೂದಲಿನ ಜಿಡ್ಡಿಗೆ ಅಂಟಿಕೊಂಡರೆ ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ. ಇಪ್ಪತ್ತು ವರ್ಷ ಉಪ್ಪು ತಿಕ್ಕಿದವಳಿಗೆ ಜನ ಉಪ್ಪಮ್ಮ ಎಂದರು. ಅವಳೂ ಓಗೊಟ್ಟಳು.

ಬೆಳಿಗ್ಗೆ ಮಂಡಿಗೆ ಹೋಗುವ ಮೊದಲು ಟೀಚರಮ್ಮನ ಹಿತ್ತಲಿನ ಮೋರಿ ತೊಳೆದು ಹೋಗುತ್ತಿದ್ದಳು. ಟೀಚರಮ್ಮ ಕೆಲಸದಿಂದ ನಿವೃತ್ತರಾದ ಮೇಲೆ ಕೋಳಿ ಸಾಕಿದ್ದರು. ಅವರನ್ನು ನೋಡಿ ಬೀದಿಯವರೆಲ್ಲ ಸಾಕಿದ್ದರು. ಮನೆಯ ಮೊಟ್ಟೆ, ಮನೆಯ ಗೊಬ್ಬರ ಎಂದು ಬೀದಿ ತುಂಬಾ ಅದೇ ಮಾತು. ಕೋಳಿ ಬಂದ ಸುದ್ದಿ ಮೊದಲು ತಲುಪಿದ್ದು ಬೀದಿಯ ಹಿಂದಿನ ಕುರುಚಲು ಕಾಡಿಗೆ. ಅಲ್ಲಿಂದ ನರಿ ಬಂತು.

ಟೀಚರಮ್ಮ ಎಲ್ಲ ಮಾಡಿ ನೋಡಿದ್ದರು. ಜಾಲರಿ ಹಾಕಿಸಿದರು, ನರಿ ಅದರ ಅಡಿಯಲ್ಲಿ ಮಣ್ಣು ಬಗೆದು ಬಂತು. ದೀಪ ಹಚ್ಚಿಟ್ಟರು, ಆ ಬೆಳಕಿನಲ್ಲಿ ದಪ್ಪ ಕೋಳಿ ಯಾವುದೆಂದು ಅದಕ್ಕೆ ಚೆನ್ನಾಗಿ ಕಂಡಿರಬೇಕು. ರೇಡಿಯೋ ಹಾಕಿಟ್ಟರು, ವಾರ್ತೆ ಕೇಳಿಕೊಂಡೇ ತಿಂದು ಹೋಯಿತು. ನಾಯಿ ತಂದರು, ಅದು ಕೋಳಿಗಳ ಜೊತೆ ಆಡಿಕೊಂಡಿತ್ತು, ನರಿ ಬಂದಾಗ ಮಂಚದ ಕೆಳಗೆ ಸೇರಿಕೊಂಡಿತು. ಬೆಳಗಾದರೆ ಹಿತ್ತಲಲ್ಲಿ ಪುಕ್ಕ. ಅದನ್ನು ಗುಡಿಸುವವಳು ಉಪ್ಪಮ್ಮ.

ಹಾಗೆ ಗುಡಿಸುವಾಗಲೇ ಟೀಚರಮ್ಮ ಕೇಳಿದ್ದರು:

"ನಿನ್ನ ಮನೇಲೂ ಕೋಳಿ ಇದಾವಲ್ಲ. ಅವನ್ನ ಹಿಡಿಯಲ್ವಾ ಈ ಶನಿ?"

"ನಮ್ಮ ಜೊತೇನೇ ಮಲಗ್ತಾವೆ ಅಮ್ಮಾವ್ರೇ. ಮಂಚದ ಕೆಳಗೆ, ಕುಕ್ಕೆ ಮುಚ್ಚಿ. ಮನುಷ್ಯರ ವಾಸನೆಗೆ ಅದು ಹತ್ತಿರ ಬರಲ್ಲ."

ಟೀಚರಮ್ಮ ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಆ ಮಾತು ಹೇಳಿದ್ದರು. ಒಗೀಬೇಡ, ಹಾಗೇ ತಾ.

ಮಾರನೆಯ ದಿನ ಉಪ್ಪಮ್ಮ ಅಂಗಿ ತಂದಳು. ಟೀಚರಮ್ಮ ಮುಟ್ಟಲಿಲ್ಲ. ಕೋಲಿನಿಂದ ತೋರಿಸಿದರು, ಅವಳೇ ಬೇಲಿಗೆ ಕಟ್ಟಿದಳು. ನರಿ ಬರಲಿಲ್ಲ. ಮರುದಿನವೂ ಬರಲಿಲ್ಲ. ಆ ವಾರ ಹಿತ್ತಲಲ್ಲಿ ಗುಡಿಸಲು ಪುಕ್ಕ ಇರಲಿಲ್ಲ.

"ನೋಡಿದ್ಯಾ!" ಎಂದು ಟೀಚರಮ್ಮ ಮಗುವಿನಂತೆ ಚಪ್ಪಾಳೆ ತಟ್ಟಿದರು. ಎರಡು ಮೊಟ್ಟೆ ತಂದು ಕಟ್ಟೆಯ ಮೇಲಿಟ್ಟು ಹಿಂದೆ ಸರಿದರು. ಉಪ್ಪಮ್ಮ ಎತ್ತಿಕೊಂಡಳು. ಅವಳಿಗೂ ಖುಷಿಯಾಗಿತ್ತು. ತನ್ನಿಂದ ಒಂದು ಜೀವ ಉಳಿಯಿತು ಅಂದರೆ ಯಾರಿಗೆ ಖುಷಿಯಾಗುವುದಿಲ್ಲ?

ಸುದ್ದಿ ಹಬ್ಬಿತು. ಬ್ಯಾಂಕಿನವರ ಮನೆಯಿಂದ ಕೇಳಿದರು. ಕಂಟ್ರಾಕ್ಟರ್ ಮನೆಯಿಂದ ಕೇಳಿದರು. ಒಬ್ಬಳ ಬಟ್ಟೆ ಸಾಲಲಿಲ್ಲ. ಮಂಡಿಯ ಬೇರೆ ಹೆಂಗಸರೂ ಕೊಟ್ಟರು. ಮಳೆ ಬಿದ್ದರೆ, ಬಿಸಿಲು ಜಾಸ್ತಿಯಾದರೆ ನಾತ ಹೋಗುತ್ತಿತ್ತು. ಆಗ ಟೀಚರಮ್ಮ ಗೇಟಿನಿಂದಲೇ ಕೂಗುತ್ತಿದ್ದರು: "ಏ, ಇದು ಸಪ್ಪೆಯಾಗಿದೆ. ಬೇರೆ ತಾ!"

ಮಂಡಿಯಲ್ಲಿ ತೊಗಲಿನ ಇನ್ನೊಂದು ಅಂಚು ಹಿಡಿಯುತ್ತಿದ್ದವಳು ಉಪ್ಪಮ್ಮನ ಅತ್ತಿಗೆ, ಅಣ್ಣನ ಹೆಂಡತಿ. ಬಾಯಿ ಜೋರು. "ಇಷ್ಟು ವರ್ಷ ಬೆವರು ಸುಮ್ನೆ ಸುರಿಸಿದ್ವಿ ಕಣೇ," ಅಂದಳು. "ಈಗ ನೋಡು, ಮೊಟ್ಟೆ ಇಡ್ತಾ ಇದೆ."

ಎಲ್ಲರೂ ನಕ್ಕರು. ಉಪ್ಪಮ್ಮನೂ ನಕ್ಕಳು. ಸಂಜೆ ಆ ಬೀದಿಯಲ್ಲಿ ಬರುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ನರಿ ಯಾವ ಕಡೆಯಿಂದಲೂ ನುಗ್ಗದಿರಲೆಂದು ಅಂಗಿ ಈಗ ಮುಂದಿನ ಬೇಲಿಯ ಮೇಲೂ. ಅಂಗಿ ತೊಟ್ಟವಳು ಈಗಲೂ ಹಿಂದಿನ ಬಾಗಿಲಿನಲ್ಲಿ. ಬೀದಿ ಕೊನೆಯ ಅಂಗಡಿಯವನು ಈಗಲೂ ಮೆಟ್ಟಿಲ ಕೆಳಗೇ ನಿಲ್ಲಿಸಿ, ಏನು ಬೇಕೆಂದು ಅಲ್ಲಿಂದಲೇ ಕೂಗಿಸುತ್ತಿದ್ದ. ಅವಳು ನೋಡಿದಳು. ಆದರೆ ನೋಡಿದ್ದನ್ನು ಯಾರಿಗೂ ಹೇಳಲಿಲ್ಲ. ಅವಳ ತಲೆಯಲ್ಲಿ ಬೇರೆಯೇ ವಿಷಯ ತುಂಬಿಕೊಂಡಿತ್ತು.

ಮಗಳಿಗೆ ಕೆಲಸ ಸಿಕ್ಕಿತ್ತು.

ಮಗಳು ಓದಿದ್ದಳು. ಹಲ್ಲಿನ ಡಾಕ್ಟರರ ಪಕ್ಕದಲ್ಲಿ ನಿಂತು ಕೆಲಸ ಮಾಡುವ ತರಬೇತಿ ಮುಗಿಸಿದ್ದಳು. ರೋಗಿಯ ಬಾಯಿಯಿಂದ ಎಂಜಲು ಹೀರುವ ಕೊಳವೆ ಹಿಡಿಯುವುದು, ಕೇಳುವ ಮೊದಲೇ ಬೇಕಾದ ಇಕ್ಕಳ ಕೈಗಿಡುವುದು, ಹೆದರಿದ ಮಕ್ಕಳ ಭುಜ ಸವರುವುದು. ಅದೇ ಬೀದಿಯಲ್ಲಿ, ಟೀಚರಮ್ಮನ ಮನೆಯಿಂದ ಸ್ವಲ್ಪ ಮುಂದೆ, ಹಲ್ಲಿನ ಡಾಕ್ಟರರ ಮನೆ. ಕೆಳಗೆ ಕ್ಲಿನಿಕ್, ಮೇಲೆ ವಾಸ. ಅಲ್ಲಿ ಸೇರಿದ್ದಳು. ತಾನು ಎಲ್ಲಿಯವಳೆಂದು ಅವಳು ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ.

ಅವಳ ಬಿಳಿ ಕೋಟು ಒಂದು ದಿನವೂ ಮನೆಗೆ ಬಂದಿರಲಿಲ್ಲ. ಒಂದೇ ಕೋಣೆಯ ಮನೆ. ಅಲ್ಲಿ ಏನಿಟ್ಟರೂ ಮಂಡಿಯ ವಾಸನೆ ಹಿಡಿಯುತ್ತಿತ್ತು. ಕೋಟನ್ನು ಅಡ್ಡರಸ್ತೆಯ ದರ್ಜಿಯ ಅಂಗಡಿಯಲ್ಲಿ ತೂಗುಹಾಕಿ ಬರುತ್ತಿದ್ದಳು. ಬೆಳಿಗ್ಗೆ ಅಲ್ಲಿ ತೊಡುವುದು, ಸಂಜೆ ಅಲ್ಲೇ ಬಿಚ್ಚುವುದು. ತಲೆಗೂದಲನ್ನು ಎರಡು ಸಲ ತೊಳೆಯುತ್ತಿದ್ದಳು. ಕೂದಲನ್ನು ಮೂಗಿಗೆ ಹಿಡಿದು ನೋಡಿಕೊಂಡು ಮೂರನೇ ಸಲ ತೊಳೆಯುತ್ತಿದ್ದಳು.

"ಕ್ಲಿನಿಕ್ ಕಡೆ ಬರಬೇಡಮ್ಮ," ಎಂದು ಒಂದು ದಿನ ಹೇಳಿದಳು. ಮುಖ ಎತ್ತಿರಲಿಲ್ಲ. "ಸ್ವಲ್ಪ ದಿನ. ಕೆಲಸ ಗಟ್ಟಿಯಾಗೋವರೆಗೂ."

"ನಾನ್ಯಾಕೆ ಬರ್ಲಿ? ನನ್ನ ಹಲ್ಲು ಗಟ್ಟಿ ಇದಾವೆ," ಎಂದಳು ಉಪ್ಪಮ್ಮ. ಅದು ಸುಳ್ಳು. ಮಂಡಿಯ ಉಪ್ಪಿನ ಧೂಳಿಗೆ ಅಲ್ಲಿ ಯಾರ ವಸಡೂ ನೆಟ್ಟಗಿರಲಿಲ್ಲ.

ಡಾಕ್ಟರರ ಹಿತ್ತಲಲ್ಲೂ ಕೋಳಿ ಇದ್ದವು. ಬಿಳಿ ಕೋಳಿಗಳು. ಒಂದು ಬೆಳಿಗ್ಗೆ ಟೀಚರಮ್ಮ, "ಹಲ್ಲಿನ ಡಾಕ್ಟ್ರೂ ಕೇಳ್ತಿದ್ರು ಕಣೇ. ಅವರ ಮನೆಗೆ ನರಿ ನುಗ್ಗಿತಂತೆ. ಒಂದು ಬಟ್ಟೆ ಕೊಟ್ಟು ಬಾ," ಎಂದರು.

ಉಪ್ಪಮ್ಮನ ಎದೆ ಹಿಗ್ಗಿತು. ಮಗಳಿಗೆ ಅನ್ನ ಕೊಟ್ಟ ಮನೆ. ಆ ಮನೆಗೆ ತಾನೇನು ಕೊಡಲು ಸಾಧ್ಯ ಎಂದು ಎಷ್ಟೋ ದಿನದಿಂದ ಅಂದುಕೊಳ್ಳುತ್ತಿದ್ದಳು. ಈಗ ಅವರೇ ಕೇಳಿದ್ದಾರೆ. ಕೊಡುವುದಾದರೆ ಇದ್ದುದರಲ್ಲಿ ಒಳ್ಳೆಯದನ್ನೇ ಕೊಡಬೇಕು.

ಅವಳು ಹುಡುಕಿದಳು. ಹೋದ ವಾರ ಉಪ್ಪಿನ ಲಾರಿ ತಡವಾಗಿ, ತೊಗಲು ರಾಶಿಯಲ್ಲೇ ಕೊಳೆಯತೊಡಗಿತ್ತು. ಮೇಸ್ತ್ರಿ ಬಾಯಿಗೆ ಬಂದಂತೆ ಬಯ್ದು, ಹುಳ ಬಿದ್ದ ತೊಗಲನ್ನೂ ಹೆಂಗಸರ ಕೈಯಲ್ಲೇ ಕೆರೆಸಿದ್ದ. ಆ ದಿನ ತೊಟ್ಟಿದ್ದ ಅಂಗಿ ಹೊರಗೆ ಗೂಟಕ್ಕೆ ನೇತಾಡುತ್ತಿತ್ತು. ಅದಕ್ಕಿಂತ ಜೋರಾದದ್ದು ಅವಳ ಹತ್ತಿರ ಬೇರೆ ಇರಲಿಲ್ಲ.

ಅತ್ತಿಗೆ ಮೂಗು ಹಿಡಿದುಕೊಂಡು ನಕ್ಕಳು. "ಇದನ್ನ ಕಟ್ಟಿದ್ರೆ ನರಿ ಇರಲಿ, ಕೋಳೀನೇ ಗೂಡು ಬಿಟ್ಟು ಓಡ್ತಾವೆ."

"ಡಾಕ್ಟ್ರಿಗೆ ಕೊಡೋದು. ಸುಮ್ನಿರು."

ಹೊಸ ಬಟ್ಟೆಯನ್ನು ಮಡಿಸುವ ಹಾಗೆ ಅದನ್ನು ಮಡಿಸಿದಳು. ತೋಳು ಒಳಗೆ, ಕಾಲರು ಮೇಲೆ. ಹಳೇ ಪೇಪರಿನಲ್ಲಿ ಸುತ್ತಿ ದಾರ ಕಟ್ಟಿದಳು.

ಕ್ಲಿನಿಕ್ ಕಡೆ ಹೋಗುವುದಿಲ್ಲ ಎಂದು ಮಾತು ಕೊಟ್ಟಿದ್ದಳು. ಹಿತ್ತಲಿಗೆ ಹೋಗುವುದು ಕ್ಲಿನಿಕ್ಕಿಗೆ ಹೋದ ಹಾಗಲ್ಲ ಎಂದು ಲೆಕ್ಕ ಹಾಕಿದಳು. ಹಿಂದಿನ ಓಣಿಯಿಂದ ಹೋದಳು. ಗೂಡಿನ ಪಕ್ಕದ ಕಂಬಕ್ಕೆ ಅಂಗಿ ಕಟ್ಟುತ್ತಿದ್ದಳು. ಕ್ಲಿನಿಕ್ಕಿನ ಕಿಟಕಿ ಹಿತ್ತಲಿಗೇ ತೆರೆದಿತ್ತು. ಒಳಗೆ ಮೇಲೆ ದೊಡ್ಡ ದೀಪ, ಕೆಳಗೆ ಉದ್ದನೆಯ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ಒಬ್ಬ ಹೆಂಗಸು, ಬಗ್ಗಿದ್ದ ಡಾಕ್ಟರ್. ಪಕ್ಕದಲ್ಲಿ ಬಿಳಿ ಕೋಟು ತೊಟ್ಟು, ಕೊಳವೆ ಹಿಡಿದು, ಮಗಳು.

ಉಪ್ಪಮ್ಮ ಮಗಳನ್ನು ಆ ಕೋಟಿನಲ್ಲಿ ನೋಡಿದ್ದು ಅದೇ ಮೊದಲು.

ಗಾಳಿ ಒಳಗೆ ಹೋಯಿತು. ಡಾಕ್ಟರ್ ತಲೆ ಎತ್ತಿದರು. "ಯಾರದು? ಓ, ಬಟ್ಟೆ ತಂದ್ಯಾ. ಕಟ್ಟು, ಕಟ್ಟು. ಸ್ವಲ್ಪ ಆ ಕಡೆ."

ಕಟ್ಟಿ ಹೋಗಿಬಿಡಬೇಕಿತ್ತು. ಆದರೆ ಅವಳ ಮನಸ್ಸು ತುಂಬಿ ಬಂದಿತ್ತು.

"ಇದು ನಿಮಗೇ ಅಂತ ಬೇರೆ ತೆಗೆದಿಟ್ಟಿದ್ದು ಡಾಕ್ಟ್ರೇ," ಎಂದಳು. "ಇದರಷ್ಟು ಜೋರಾದ್ದು ಬೀದಿಲಿ ಯಾರಿಗೂ ಕೊಟ್ಟಿಲ್ಲ. ನನ್ನ ಮಗಳನ್ನ ಇಟ್ಕೊಂಡಿದ್ದೀರಲ್ಲ ಅಂತ."

"ಮಗಳಾ?"

ಡಾಕ್ಟರ್ ತಿರುಗಿದರು. ಕೊಳವೆ ಬರೀ ಗಾಳಿ ಹೀರುತ್ತಾ ಸೊರ್ ಎನ್ನುತ್ತಿತ್ತು. ಮಗಳು ಸುಮ್ಮನಿರಬಹುದಿತ್ತು. ಯಾರೋ ಗೊತ್ತಿಲ್ಲ ಅನ್ನಬಹುದಿತ್ತು.

"ನಮ್ಮಮ್ಮ," ಎಂದಳು.

ಕುರ್ಚಿಯಲ್ಲಿದ್ದ ಹೆಂಗಸು ಮೆಲ್ಲಗೆ ಬಾಯಿ ಮುಚ್ಚಿಕೊಂಡಳು.

ಸಂಜೆ ಮಗಳು ಬಂದಾಗ ಕೈಯಲ್ಲಿ ಕೋಟು ಇತ್ತು. ಮಂಚದ ಮೇಲೆ ಎಸೆದಳು.

"ದರ್ಜಿ ಅಂಗಡಿ ಮುಚ್ಚಿತ್ತಾ?" ಎಂದಳು ಉಪ್ಪಮ್ಮ.

"ಇನ್ನು ಇಲ್ಲೇ ಇರಲಿ. ವಾಸನೆ ಹಿಡಿದ್ರೆ ಹಿಡೀಲಿ."

ಡಾಕ್ಟರ್ ಬಯ್ದಿರಲಿಲ್ಲ. ಮರ್ಯಾದೆಯಾಗಿಯೇ ಮಾತಾಡಿದ್ದರು. ನಿನ್ನ ಕೆಲಸದಲ್ಲಿ ಒಂದು ಕೊರತೆ ಇಲ್ಲಮ್ಮ. ನನಗೇನೂ ಇಲ್ಲ. ಆದರೆ ಬರುವವರು ಬಾಯಿ ತೆರೆದು ಮಲಗ್ತಾರೆ, ಅವರಿಗೆ ಅಸಹ್ಯ ಅನ್ನಿಸಬಾರದು ನೋಡು. ಬೇಕಾದರೆ ಹಿಂದಿನ ಕೋಣೆಯಲ್ಲಿ ಸಾಮಾನು ತೊಳೆದುಕೊಂಡು ಇರು. ಮಗಳು ಆಗಲ್ಲ ಎಂದು ಬಂದಿದ್ದಳು. ಬಾಗಿಲಲ್ಲಿ ಮತ್ತೆ ಕರೆದು ಹೇಳಿದ್ದರು: ಬಟ್ಟೆ ಕಟ್ಟೋದು ಮಾತ್ರ ತಪ್ಪಿಸಬೇಡ ಅಂತ ಅಮ್ಮನಿಗೆ ಹೇಳು.

"ನಾನು ನಿನ್ನೆ ಮೊನ್ನೆ ಇದ್ದವಳೇ ಅಲ್ವಾ?" ಎಂದಳು ಮಗಳು. "ನಿನ್ನೆವರೆಗೂ ನನ್ನ ಮೈ ನಾರ್ತಿರಲಿಲ್ಲ. ನೀನು ಬಾಯಿ ಬಿಟ್ಟೆ, ನಾರೋಕೆ ಶುರುವಾಯ್ತು."

"ಅವರು ಕೇಳಿದ್ರು, ಕೊಟ್ಟೆ. ಇದ್ದದ್ದರಲ್ಲಿ ಒಳ್ಳೇದೇ ಕೊಟ್ಟೆ."

"ಒಳ್ಳೇದು!" ಮಗಳು ನಕ್ಕಳು. ಆ ನಗು ಕೇಳಲಾಗುತ್ತಿರಲಿಲ್ಲ. "ಪ್ರಾಣಿ ಹೆದರಿಸೋಕೆ ನಿಲ್ಲಿಸೋದನ್ನ ಏನಂತಾರೆ ಗೊತ್ತಾ? ಬೆದರುಬೊಂಬೆ. ಬೀದಿ ತುಂಬಾ ನಿನ್ನನ್ನ ನಿಲ್ಲಿಸ್ಕೊಂಡಿದ್ದಾರೆ. ನಿನಗೆ ಎರಡು ಮೊಟ್ಟೆ ಕಾಣ್ತು. ಅದು ಕಾಣ್ಲಿಲ್ಲ."

ಉಪ್ಪಮ್ಮ ಮಂಚದ ಮೇಲಿನ ಕೋಟನ್ನು ಎತ್ತಿ ಮಡಿಸಿದಳು. ಅದು ತನಗೂ ಕಂಡಿತ್ತು.

ಮರುದಿನ ಅವಳು ಟೀಚರಮ್ಮನ ಮೋರಿಗೆ ಹೋಗಲಿಲ್ಲ. ಮಂಡಿಯಲ್ಲಿ ತೊಗಲು ಎತ್ತಿದಳು, ಹಾಸಿದಳು, ಉಪ್ಪು ಎರಚಿದಳು. ಅಂಗೈ ಉರಿಯಿತು. ಮತ್ತೆ ಎತ್ತಿದಳು. ಹಾಸಿದಳು. ಬಾಯಿ ಮುಚ್ಚಿಕೊಂಡ ಆ ಹೆಂಗಸಿನ ಮುಖ ಪ್ರತಿ ತೊಗಲಿನ ಮೇಲೂ ಕಾಣುತ್ತಿತ್ತು. ತಿಕ್ಕಿದಳು. ಒಡೆದ ಕೈಯಿಂದ ರಕ್ತ ಬಂದರೂ ತಿಕ್ಕಿದಳು.

"ಮೆಲ್ಲಗೆ ಕಣೇ, ಅದು ಸತ್ತಾಗಿದೆ," ಎಂದಳು ಅತ್ತಿಗೆ.

ಉಪ್ಪಮ್ಮ ಎಲ್ಲ ಹೇಳಿದಳು. ಕೆಲಸ ನಿಲ್ಲಿಸದೆ, ಅಂಚು ಹಿಡಿದುಕೊಂಡೇ ಹೇಳಿದಳು. ಅತ್ತಿಗೆ ಏನಾದರೂ ತಮಾಷೆ ಮಾಡುತ್ತಾಳೆ ಎಂದು ಉಳಿದವರು ಕಾದರು. ಅವಳು ಮಾಡಲಿಲ್ಲ. ಕೈಯಲ್ಲಿದ್ದ ಉಪ್ಪನ್ನು ಕೊಡವಿದಳು.

"ಕೋಳಿ ಕಾಯೋಕೆ ನಮ್ಮ ನಾತ ಬೇಕು. ಹಲ್ಲು ಕೀಳೋವಾಗ ಪಕ್ಕದಲ್ಲಿ ನಿಲ್ಲೋಕೆ ಬೇಡ," ಎಂದಳು. "ಬ್ಯಾಂಕಿನವರ ಬೇಲೀಲಿ ನನ್ನದೂ ಒಂದು ಇದೆ. ತಂದುಬಿಡು."

"ನನ್ನದೂ," ಎಂದಳು ಇನ್ನೊಬ್ಬಳು.

ಕೆಲಸ ಬಿಟ್ಟ ಮೇಲೆ ನಲ್ಲಿಯ ಹತ್ತಿರ ಹೆಂಗಸರು ಕೈಕಾಲು ತೊಳೆಯುತ್ತಿದ್ದರು. ಉಪ್ಪಮ್ಮ ತೊಳೆಯಲಿಲ್ಲ. ತೊಟ್ಟ ಬಟ್ಟೆಯಲ್ಲೇ ಹೊರಟಳು. ಬೀದಿಯ ನಡುವೆ ನಡೆದಳು. ಕಂಟ್ರಾಕ್ಟರ್ ಮನೆಯ ಬೇಲಿಯಿಂದ ಬಿಚ್ಚಿದಳು. ಬ್ಯಾಂಕಿನವರ ಮನೆಯ ಬೇಲಿಯಿಂದ ಬಿಚ್ಚಿದಳು. ಗಂಟು ಬಿಗಿದು ಹೋಗಿದ್ದಲ್ಲಿ ಹಲ್ಲಿನಿಂದ ಬಿಡಿಸಿದಳು. ಡಾಕ್ಟರರ ಹಿತ್ತಲಿಗೆ ಹಿಂದಿನ ಓಣಿಯಿಂದ ನುಗ್ಗಿ ಕಂಬದ ಅಂಗಿಯನ್ನೂ ಎಳೆದುಕೊಂಡಳು. ಕೊನೆಗೆ ಟೀಚರಮ್ಮನ ಮುಂದಿನ ಗೇಟು ತೆಗೆದಳು. ಆ ಗೇಟನ್ನು ಅವಳು ಮುಟ್ಟಿದ್ದು ಅದೇ ಮೊದಲು. ಮುಂದಿನ ಬೇಲಿಯ ಅಂಗಿ ಬಿಚ್ಚಿ, ಹಿತ್ತಲಿಗೆ ಹೋಗಿ ಅಲ್ಲಿಯ ಅಂಗಿಯ ಗಂಟಿಗೂ ಕೈ ಹಾಕಿದಳು.

ಟೀಚರಮ್ಮ ಓಡಿ ಬಂದರು. "ಬೆಳಿಗ್ಗೆ ಯಾಕೆ ಬರಲಿಲ್ಲ? ಏನೇ ಇದು, ಬದಲಾಯಿಸ್ತೀಯಾ?"

"ಇಲ್ಲ. ತಗೊಂಡು ಹೋಗ್ತೀನಿ."

"ತಗೊಂಡು ಹೋದ್ರೆ? ಕತ್ತಲಾಗ್ತಾ ಬಂತು, ನರಿ ಬರುತ್ತೆ!"

"ನಿಮ್ಮದು ಒಂದು ಕಟ್ಟಿ."

"ನನ್ನದಾ? ನನ್ನ ಬಟ್ಟೇಲಿ ಏನು ವಾಸನೆ ಇರುತ್ತೆ?"

"ಯಾಕೆ ಅಮ್ಮಾವ್ರೇ, ನೀವು ಮನುಷ್ಯರಲ್ವಾ?"

ಟೀಚರಮ್ಮನ ಮುಖ ಕೆಂಪಾಯಿತು. "ಎಷ್ಟು ಕೊಬ್ಬು ನಿನಗೆ! ಮೊಟ್ಟೆ ತಿನ್ನೋವಾಗ ಚೆನ್ನಾಗಿತ್ತಾ?"

"ತಿಂದಿದ್ದೀನಿ, ಇಲ್ಲ ಅನ್ನಲ್ಲ. ಅಂಗಿ ನನ್ನದು."

ಆಗ ಟೀಚರಮ್ಮನ ದನಿ ಇಳಿಯಿತು. ಕಣ್ಣಲ್ಲಿ ನಿಜವಾಗಿಯೂ ನೀರು. "ಅವು ಏನು ಮಾಡಿದ್ವು ಹೇಳು? ಬಾಯಿಲ್ಲದ ಜೀವ. ನಿನಗೆ ಕನಿಕರ ಇಲ್ವಾ?"

ಗೂಡಿನ ಮುಂದೆ ಹಳದಿ ಕೋಳಿಯೊಂದು ಕಾಲು ಕೆದರುತ್ತಿತ್ತು. ದಿನಾ ಬೆಳಿಗ್ಗೆ ಅವಳ ಪೊರಕೆಯ ಹಿಂದೆಯೇ ಓಡಾಡುತ್ತಿದ್ದ ಕೋಳಿ. ಉಪ್ಪಮ್ಮನ ಕೈ ಒಂದು ಗಳಿಗೆ ನಿಂತಿತು. ಕನಿಕರ ಇತ್ತು. ಅದೇ ಕಷ್ಟ.

"ಗೂಡಿನ ಪಕ್ಕ ಮಂಚ ಹಾಕ್ಕೊಂಡು ಮಲಗಿ," ಎಂದಳು. "ನಾವು ಹಾಗೇ ಮಾಡೋದು."

ಬಟ್ಟೆಯ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಬೀದಿಗಿಳಿದಳು. ಮನೆಗೆ ಹೋಗುವ ದಾರಿ ಎಡಕ್ಕೆ. ಅವಳು ಬಲಕ್ಕೆ ತಿರುಗಿದಳು. ಕ್ಲಿನಿಕ್ಕಿನ ಮುಂಬಾಗಿಲು ತಳ್ಳಿದಳು.

ಚೀಟಿ ಬರೆಯುವವನು ಎದ್ದು ನಿಂತ. "ಏಯ್, ಏಯ್. ಹಿಂದಿನ ಬಾಗಿಲಿಗೆ ಹೋಗು."

"ನನ್ನ ಹಲ್ಲು ಮುಂದಿದಾವೆ," ಎಂದಳು ಉಪ್ಪಮ್ಮ. "ಚೀಟಿ ಬರಿ."

ಮೆತ್ತೆಯ ಕುರ್ಚಿಯಲ್ಲಿ ಕೂತಳು. ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಕರವಸ್ತ್ರಗಳು ಮೂಗಿಗೆ ಹೋದವು. ಒಬ್ಬರು ಎದ್ದು ಹೋದರು. ಮಗುವಿನ ಕೈ ಹಿಡಿದು ಇನ್ನೊಬ್ಬರು ಹೋದರು. ಕೆನ್ನೆ ಊದಿಕೊಂಡಿದ್ದ ಒಬ್ಬ ಮಾತ್ರ ಪಕ್ಕದಲ್ಲೇ ಕೂತಿದ್ದ. ನೋವಿನಲ್ಲಿ ಅವನಿಗೆ ಮೂಗಿನ ನೆನಪೇ ಇರಲಿಲ್ಲ. "ನಿಮಗೆ ಯಾವ ಕಡೆ?" ಎಂದು ಕೇಳಿದ. "ಎರಡೂ ಕಡೆ," ಎಂದಳು. ಅವನು ಅಯ್ಯೋ ಎಂದು ತಲೆಯಾಡಿಸಿದ. ಅವನ ಸರದಿ ಮುಗಿಯುವವರೆಗೂ ಕಾದಳು. ಆಮೇಲೆ ಯಾರೂ ಕರೆಯಲಿಲ್ಲ. ಅವಳೇ ಎದ್ದು ಒಳಗೆ ಹೋದಳು, ಉದ್ದನೆಯ ಕುರ್ಚಿಯ ಮೇಲೆ ಹತ್ತಿ ಮಲಗಿದಳು. ಉಪ್ಪಿನ ಹರಳುಗಳು ಅಂಗಿಯಿಂದ ಉದುರಿದವು.

ಡಾಕ್ಟರ್ ಕೈ ಒರೆಸಿಕೊಳ್ಳುತ್ತಾ ಬಂದವರು ನಿಂತರು. "ಉಪ್ಪಮ್ಮ, ಏನಿದು?"

"ಹಲ್ಲು ನೋವು."

"ದೊಡ್ಡ ಆಸ್ಪತ್ರೆಗೆ ಹೋಗು. ಅಲ್ಲಿ ಚೆನ್ನಾಗಿ ನೋಡ್ತಾರೆ."

"ನನ್ನ ಅಂಗಿ ನಿಮ್ಮ ಮನೇಲಿ ಇರಬಹುದು. ನಾನು ಇರಬಾರದಾ?"

ಡಾಕ್ಟರ್ ಬಾಗಿಲು ಮುಚ್ಚಿದರು. ದನಿ ತಗ್ಗಿಸಿದರು. "ಗಲಾಟೆ ಬೇಡ. ಮಗಳನ್ನ ನಾಳೆಯಿಂದ ಕಳಿಸು. ಹಿಂದೆ ಅಲ್ಲ, ಇಲ್ಲೇ ನಿಲ್ಲಲಿ. ಆಯ್ತಾ? ಈಗ ಎದ್ದೇಳು."

ಅವಳು ಬಂದದ್ದು ಅದಕ್ಕೇ ಇರಬಹುದು. ಎದ್ದರೆ ಕೆಲಸ ಉಳಿಯುತ್ತದೆ. ಎದ್ದು, ಗಂಟು ತೆಗೆದುಕೊಂಡು, ಹಿಂದಿನ ಓಣಿಯಿಂದ ಹೋಗಿಬಿಟ್ಟರೆ ಸಾಕು. ಕೈ ಕುರ್ಚಿಯ ತೋಳನ್ನು ಒತ್ತಿತು. ಮೈ ಏಳಲು ಸಿದ್ಧವಾಗಿತ್ತು. ಎದ್ದೇಳು ಅಂದಾಗ ಎದ್ದು ಅದಕ್ಕೆ ರೂಢಿ.

ಅವಳು ಏಳಲಿಲ್ಲ.

"ಅವಳ ಕೆಲಸದ ಮಾತು ಅವಳ ಹತ್ರ ಆಡಿ. ಮನೆಗೆ ಬಂದು ಕೇಳಿ, ಬರ್ತಾಳೋ ಇಲ್ವೋ ಅವಳೇ ಹೇಳ್ತಾಳೆ," ಎಂದಳು. "ನಾನು ಬಂದಿರೋದು ನನ್ನ ಹಲ್ಲಿಗೆ. ನೋಡಿ."

ದೀಪ ಅವಳ ಮುಖದ ಮೇಲೆಯೇ ಇತ್ತು. ಅವಳು ಬಾಯಿ ತೆರೆದಳು. ಊದಿದ ವಸಡು, ಸವೆದ ಹಲ್ಲು, ಒಳಗಿನ ಹಲ್ಲಿನಲ್ಲಿ ಕಪ್ಪು ತೂತು. ಅಷ್ಟು ದೂರದಿಂದ ಅದು ಯಾರಿಗೂ ಕಾಣುವಂತಿರಲಿಲ್ಲ. ಕಾಣಬೇಕಾದರೆ ಬಗ್ಗಬೇಕು.

ಹಿತ್ತಲಲ್ಲಿ ಕೋಳಿ ಕಿರುಚಿತು. ಒಂದು, ಆಮೇಲೆ ಎಲ್ಲ ಒಟ್ಟಿಗೆ. ರೆಕ್ಕೆ ಜಾಲರಿಗೆ ಬಡಿಯುವ ಸದ್ದು. ಡಾಕ್ಟರ್ ಕಿಟಕಿಯ ಕಡೆ ನೋಡಿದರು. ಅವಳ ಕಡೆ ನೋಡಿದರು.

ಉಪ್ಪಮ್ಮ ಬಾಯಿ ಮುಚ್ಚಲಿಲ್ಲ.